ಕವಲಿನ ಬಾಯಲ್ಲಿ ಬಲೂನು



ವೈದ್ಯಕೀಯದ ವಿಷಯವನ್ನೇ ಮಾತಾಡಬೇಕು, ಅದನ್ನು ಕನ್ನಡದಲ್ಲೇ ಆಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಹೃದಯಾಘಾತ ತಡೆಯುವುದು ಹೇಗೆ ಎಂದು ಮಾತಾಡಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಉಪ್ಪು ಕಡಿಮೆ ಮಾಡಿ, ಬೀಡಿ ಸಿಗರೇಟು ಬಿಡಿ, ದಿನಾ ನಡೆಯಿರಿ ಎಂದು ಹೇಳಿ ಕೂತುಬಿಡಬಹುದಿತ್ತು. ಅದೆಲ್ಲ ನಿಮಗೆ ಬಾಯಿಪಾಠವಾಗಿದೆ. ಹಾಗಾಗಿ ಸ್ವಲ್ಪ ಇಕ್ಕಟ್ಟಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಹೃದಯದ ರಕ್ತನಾಳ ಎರಡಾಗಿ ಒಡೆಯುವ ಜಾಗದಲ್ಲೇ ಬ್ಲಾಕ್ ಆದರೆ ಅದನ್ನು ಬಲೂನಿನಿಂದ ಬಿಡಿಸುವುದು ಹೇಗೆ ಎಂಬುದು ಇವತ್ತಿನ ಮಾತು.

ಆಂಜಿಯೋಪ್ಲಾಸ್ಟಿ ಮುಗಿದು ವಾರ್ಡಿಗೆ ಬಂದವರನ್ನು ನೋಡಲು ಬರುವ ನೆಂಟರ ಮೊದಲ ಪ್ರಶ್ನೆ ಯಾವ ಊರಲ್ಲೂ ಒಂದೇ: "ಎಷ್ಟು ಸ್ಟೆಂಟ್ ಹಾಕಿದ್ರಂತೆ?" ಒಂದು ಎಂದರೆ ಬಚಾವು, ಎರಡು ಎಂದರೆ ಸ್ವಲ್ಪ ಸೀರಿಯಸ್ಸು, ಮೂರು ಎಂದರೆ ಕೇಳಿದವರ ಮುಖವೇ ಸಣ್ಣಗಾಗುತ್ತದೆ. ಬಲೂನಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಬಿಲ್ಲಿನಲ್ಲೂ ಅದು ಯಾವುದೋ ಪುಟದಲ್ಲಿ ಕನ್ಸ್ಯೂಮಬಲ್ಸ್ ಎಂಬ ತಲೆಬರಹದ ಕೆಳಗೆ ಅಡಗಿರುತ್ತದೆ. ನಾನು ಹೇಳಹೊರಟಿರುವುದು ಇಷ್ಟೇ: ಕವಲಿನ ಬ್ಲಾಕಿನಲ್ಲಿ ಸ್ಟೆಂಟು ಎಷ್ಟು ಎಂಬುದಕ್ಕಿಂತ, ಬಲೂನನ್ನು ಎಲ್ಲಿ, ಯಾವ ಅಳತೆಯದ್ದು, ಯಾವ ಸರದಿಯಲ್ಲಿ ಉಬ್ಬಿಸಿದರು ಎಂಬುದು ದೊಡ್ಡದು. ಎಲ್ಲಿ ಉಬ್ಬಿಸದೆ ಬಿಟ್ಟರು ಎಂಬುದೂ ಅಷ್ಟೇ ದೊಡ್ಡದು.

ಮೊದಲು ಜಾಗದ ಪರಿಚಯ ಮಾಡಿಕೊಳ್ಳೋಣ. ಮಹಾಧಮನಿಯ ಬುಡದಿಂದ ಹೃದಯಕ್ಕೆಂದೇ ಎರಡು ನಾಳಗಳು ಹೊರಡುತ್ತವೆ. ಎಡಗಡೆಯದರ ಮೊದಲ ತುಂಡನ್ನು ಲೆಫ್ಟ್ ಮೈನ್ ಎನ್ನುತ್ತೇವೆ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಚೀಚೆ ಹೋಗುವಷ್ಟರಲ್ಲಿ ಅದು ಎರಡಾಗುತ್ತದೆ. ಒಂದು ಹೃದಯದ ಮುಂಭಾಗಕ್ಕೆ ಇಳಿಯುವ ಎಲ್‌ಎಡಿ, ಇನ್ನೊಂದು ಹಿಂದಕ್ಕೆ ಸುತ್ತಿಕೊಂಡು ಹೋಗುವ ಸರ್ಕಂಫ್ಲೆಕ್ಸ್. ಎಲ್‌ಎಡಿಯಿಂದ ಡಯಾಗನಲ್ ಎಂಬ ಕವಲುಗಳು ಒಡೆಯುತ್ತವೆ, ಸರ್ಕಂಫ್ಲೆಕ್ಸ್‌ನಿಂದ ಮಾರ್ಜಿನಲ್ ಎಂಬವು. ಬಲಗಡೆಯ ನಾಳವೂ ಕೊನೆಯಲ್ಲಿ ಎರಡಾಗುತ್ತದೆ. ಕ್ಯಾಥ್ ಲ್ಯಾಬಿನಲ್ಲಿ ನಡೆಯುವ ಆಂಜಿಯೋಪ್ಲಾಸ್ಟಿಗಳಲ್ಲಿ ನೂರಕ್ಕೆ ಸುಮಾರು 15ರಿಂದ 20 ಇಂಥ ಯಾವುದಾದರೊಂದು ಕವಲಿಗೆ ಸಂಬಂಧಪಟ್ಟವು.

ಕೊಬ್ಬು ಕವಲಿನಲ್ಲೇ ಯಾಕೆ ಕೂರುತ್ತದೆ? ನಾಲೆ ಬಯಲಿನವರಿಗೆ ಇದನ್ನು ವಿವರಿಸಬೇಕಿಲ್ಲ. ದೊಡ್ಡ ನಾಲೆಯಿಂದ ಕವಲು ಒಡೆಯುವ ಕಡೆ ನೀರು ನೇರ ಬಂದು ಬಡಿಯುವ ನಡುವಿನ ಏಣು ತೊಳೆದಿಟ್ಟಂತೆ ಇರುತ್ತದೆ. ನೀರು ಮಂದವಾಗಿ ಸುಳಿಯುವ ಹೊರದಂಡೆಯಲ್ಲಿ ಹೂಳು ಕೂರುತ್ತದೆ. ರಕ್ತನಾಳದಲ್ಲೂ ಹಾಗೆಯೇ. ಕವಲು ಸೇರುವ ನಡುವಿನ ಏಣಿಗೆ ಕರೈನಾ ಎನ್ನುತ್ತೇವೆ. ಅಲ್ಲಿ ರಕ್ತ ರಭಸದಿಂದ ಉಜ್ಜಿಕೊಂಡು ಹೋಗುವುದರಿಂದ ಕೊಬ್ಬು ಕಡಿಮೆ. ಅದರ ಎದುರಿನ ಹೊರಗೋಡೆಯಲ್ಲಿ ಉಜ್ಜಾಟ ಕಡಿಮೆಯಾಗಿ, ಒಳಪದರದ ಜೀವಕೋಶಗಳ ನಡವಳಿಕೆಯೇ ಬದಲಾಗಿ, ವರ್ಷಗಟ್ಟಲೆ ಕೊಬ್ಬು ಸೇರುತ್ತದೆ. ಆದರೆ ಹೋಲಿಕೆ ಇಲ್ಲಿಗೇ ಸಾಕು. ಹೂಳನ್ನು ಎತ್ತಿ ಹೊರಗೆ ಹಾಕಬಹುದು. ಕೊಬ್ಬು ಗೋಡೆಯ ಮೇಲೆ ಇರುವುದಿಲ್ಲ, ಗೋಡೆಯ ಒಳಗೇ ಇರುತ್ತದೆ. ಬಲೂನು ಅದನ್ನು ತೆಗೆಯುವುದಿಲ್ಲ. ಒತ್ತಿ, ಸೀಳಿ, ನಾಳದ ಗೋಡೆಯನ್ನೇ ಹಿಗ್ಗಿಸಿ ದಾರಿ ಮಾಡುತ್ತದೆ. ಕವಲಿನಲ್ಲಿ ಬರುವ ಎಲ್ಲ ತಕರಾರಿಗೂ ಮೂಲ ಇದೇ. ಒಂದು ಕಡೆ ಒತ್ತಿದ್ದು ಇನ್ನೊಂದು ಕಡೆಗೆ ಸರಿಯುತ್ತದೆ. ಮುಖ್ಯನಾಳದಲ್ಲಿ ಬಲೂನು ಉಬ್ಬಿಸಿದರೆ ಕರೈನಾ ಪಕ್ಕಕ್ಕೆ ವಾಲಿ ಕವಲಿನ ಬಾಯಿ ಕಿರಿದಾಗುತ್ತದೆ.

ಇನ್ನೊಂದು ಸಂಗತಿ ಅಳತೆಯದು. ನಾಳ ಕವಲೊಡೆದ ಮೇಲೆ ಮುಂದಿನ ತುಂಡು ಹಿಂದಿನಷ್ಟೇ ದಪ್ಪ ಇರುವುದಿಲ್ಲ. 1926ರಲ್ಲೇ ಸೆಸಿಲ್ ಮರ್ರೆ ಎಂಬ ಶರೀರಕ್ರಿಯಾ ವಿಜ್ಞಾನಿ ಇದಕ್ಕೊಂದು ಗಣಿತ ಕೊಟ್ಟರು: ತಾಯಿನಾಳದ ವ್ಯಾಸದ ಘನ, ಎರಡು ಮಕ್ಕಳ ವ್ಯಾಸಗಳ ಘನಗಳ ಮೊತ್ತಕ್ಕೆ ಸಮ. ಕ್ಯಾಥ್ ಲ್ಯಾಬಿನಲ್ಲಿ ನಿಂತು ಘನಮೂಲ ತೆಗೆಯುವ ತಾಳ್ಮೆ ಯಾರಿಗಿದೆ? ಫ್ರಾನ್ಸಿನ ಲಿಯಾನ್‌ನ ಜೆರಾರ್ಡ್ ಫಿನೆ ಸುಲಭದ ಸೂತ್ರ ಹೇಳಿದರು: ಎರಡು ಕವಲುಗಳ ವ್ಯಾಸ ಕೂಡಿಸಿ 0.678ರಿಂದ ಗುಣಿಸಿ. ಮುಂದಿನ ಎಲ್‌ಎಡಿ 3 ಮಿಲಿಮೀಟರ್, ಡಯಾಗನಲ್ 2.5 ಮಿಲಿಮೀಟರ್ ಇದ್ದರೆ ಕವಲಿನ ಹಿಂದಿನ ನಾಳ 3.7 ಮಿಲಿಮೀಟರ್ ಇರಬೇಕು. ಅಂದರೆ 3 ಮಿಲಿಮೀಟರಿನ ಸ್ಟೆಂಟನ್ನು ಕವಲು ದಾಟಿಸಿ ಹಾಕಿದರೆ, ಮುಂದೆ ಅದು ಸರಿಯಾಗಿ ಕೂತಿರುತ್ತದೆ, ಹಿಂದೆ ಗೋಡೆ ಮುಟ್ಟದೆ ರಕ್ತದಲ್ಲಿ ತೇಲುತ್ತಿರುತ್ತದೆ. 3.7ರದ್ದೇ ಹಾಕೋಣವೆಂದರೆ ಮುಂದಿನ ಸಣ್ಣ ನಾಳ ಸೀಳಬಹುದು, ಕರೈನಾ ವಾಲಿ ಕವಲು ಮುಚ್ಚಬಹುದು. ಈ 0.7 ಮಿಲಿಮೀಟರನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್ ಕಾಲಿನ ನಾಳದ ಅಡಚಣೆಯನ್ನು ಒಂದಕ್ಕಿಂತ ಒಂದು ದಪ್ಪನೆಯ ಕೊಳವೆ ತೂರಿಸಿ ಬಿಡಿಸಿದರು. ಆ ಕೆಲಸವನ್ನು ಕಲಿತ ಜರ್ಮನ್ ಮೂಲದ ಆಂಡ್ರಿಯಾಸ್ ಗ್ರುಂಟ್ಸಿಗ್, ಕೊಳವೆಯ ಬದಲು ಉಬ್ಬುವ ಬಲೂನು ಇದ್ದರೆ ಹೇಗೆ ಎಂದು ಯೋಚಿಸಿದರು. ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ, ಸಹಾಯಕಿ ಮರಿಯಾ ಶ್ಲುಂಫ್ ಜೊತೆ ಕೂತು, ಬಲೂನುಗಳನ್ನು ಕೈಯಾರೆ ಮಾಡಿದರು. ರಬ್ಬರಿನಂತೆ ಎಲ್ಲೆಂದರಲ್ಲಿ ಊದಿಕೊಳ್ಳಬಾರದು, ನಿಗದಿತ ಅಳತೆಗೆ ನಿಲ್ಲಬೇಕು ಎಂಬುದು ಅವರ ಹಟ. ಅದಕ್ಕೆ ಒದಗಿದ್ದು ಪಿವಿಸಿ ಪ್ಲಾಸ್ಟಿಕ್ಕು.

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ, 38 ವರ್ಷದ ರೋಗಿಯೊಬ್ಬರ ಎಲ್‌ಎಡಿಯಲ್ಲಿ ಆ ಬಲೂನು ಎರಡು ಸಲ ಉಬ್ಬಿತು. ಎಚ್ಚರವಿರುವ ಮನುಷ್ಯನ ಹೃದಯದ ನಾಳವನ್ನು ಬಲೂನಿನಿಂದ ಬಿಡಿಸಿದ್ದು ಅದೇ ಮೊದಲು. ಆ ಬ್ಲಾಕ್ ಇದ್ದದ್ದು ಎಲ್ಲಿ ಅಂದುಕೊಂಡಿರಿ? ಮೊದಲ ದೊಡ್ಡ ಡಯಾಗನಲ್ ಒಡೆಯುವ ಜಾಗಕ್ಕೆ ತುಸು ಹಿಂದೆ, ಕವಲಿನ ಹೊಸ್ತಿಲಿನಲ್ಲಿ. ಹತ್ತು ವರ್ಷದ ನಂತರ ಚಿತ್ರ ತೆಗೆದಾಗ ನಾಳ ತೆರೆದೇ ಇತ್ತು. 23 ವರ್ಷದ ನಂತರವೂ ತೆರೆದಿತ್ತು. ಆ ಜಾಗದಲ್ಲಿ ಲೋಹದ ಒಂದು ಎಳೆಯೂ ಇರಲಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಬರೀ ಬಲೂನಿನ ಕಾಲದಲ್ಲಿ ಮೂರರಲ್ಲಿ ಒಬ್ಬರಿಗೆ ಆರು ತಿಂಗಳಲ್ಲಿ ನಾಳ ಮತ್ತೆ ಕಟ್ಟಿಕೊಳ್ಳುತ್ತಿತ್ತು.

23 ವರ್ಷದ ನಂತರದ ಆ ವರದಿ ಬರೆದವರು ಬರ್ನ್ ನಗರದ ಬರ್ನ್‌ಹಾರ್ಡ್ ಮೈಯರ್. 1977ರಲ್ಲಿ ಅವರು ಜ್ಯೂರಿಕ್‌ನಲ್ಲಿ ಆ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಎಳೆಯ ವೈದ್ಯ. ನಮ್ಮ ಇವತ್ತಿನ ವಿಷಯಕ್ಕೆ ಅವರು ಇನ್ನೊಂದು ಕಾರಣಕ್ಕೂ ಬೇಕು. 1984ರಲ್ಲಿ ಹೃದಯದ ಕವಲಿನಲ್ಲಿ ಎರಡು ಬಲೂನುಗಳನ್ನು ಅಕ್ಕಪಕ್ಕ ಇಟ್ಟು ಒಟ್ಟಿಗೆ ಉಬ್ಬಿಸುವ 'ಕಿಸ್ಸಿಂಗ್ ಬಲೂನ್' ವಿಧಾನದ ಬಗ್ಗೆ ಬರೆದವರು ಅವರೇ. ಹೆಸರು ಕೇಳಿ ಹಿಂದಿನ ಸಾಲಿನವರು ನಗುತ್ತಿದ್ದೀರಿ, ನಗಿ, ಪರವಾಗಿಲ್ಲ. ಹೊಟ್ಟೆಯಲ್ಲಿ ಮಹಾಧಮನಿ ಎರಡಾಗಿ ಕಾಲುಗಳಿಗೆ ಇಳಿಯುವ ಕಡೆ ಈ ಉಪಾಯ ಅದಕ್ಕೂ ಮುಂಚೆಯೇ ಬಳಕೆಯಲ್ಲಿತ್ತು. ಅಲ್ಲಿಂದ ಅದು ಹೃದಯಕ್ಕೆ ಬಂತು. ತತ್ತ್ವ ಸರಳ. ಒಂದು ಬಲೂನು ಮಾತ್ರ ಉಬ್ಬಿದರೆ ಕರೈನಾ ಇನ್ನೊಂದು ಕಡೆಗೆ ವಾಲುತ್ತದೆ. ಎರಡೂ ಒಟ್ಟಿಗೆ ಉಬ್ಬಿದರೆ ಎರಡೂ ಕಡೆಯ ಒತ್ತಡದಲ್ಲಿ ಅದು ನಡುವೆ ನಿಲ್ಲುತ್ತದೆ. ಇನ್ನು ಆ ಮೊದಲ ಬಲೂನು ಮಾಡಿದ ಗ್ರುಂಟ್ಸಿಗ್ 1980ರಲ್ಲಿ ಅಮೆರಿಕದ ಅಟ್ಲಾಂಟಾಕ್ಕೆ ಹೋದರು, 1985ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಬಳಿ ಕಲಿತು ಬಂದ ಡಾ. ಮ್ಯಾಥ್ಯೂ ಸ್ಯಾಮ್ಯುಯೆಲ್ ಕಲರಿಕ್ಕಲ್ ಚೆನ್ನೈಯಲ್ಲಿ ಭಾರತದ ಆಂಜಿಯೋಪ್ಲಾಸ್ಟಿಗೆ ತಳಪಾಯ ಹಾಕಿದರು.

1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪ್ಯುಯೆಲ್, ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಉಲ್ರಿಚ್ ಸಿಗ್ವಾರ್ಟ್ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ನೇರ ನಾಳದ ಮಟ್ಟಿಗೆ ಅದೊಂದು ವರವೇ ಆಯಿತು. ಕವಲಿನಲ್ಲಿ ಮಾತ್ರ ಹೊಸ ತಲೆನೋವು ಶುರುವಾಯಿತು. ಮುಖ್ಯನಾಳದ ಸ್ಟೆಂಟಿನ ಜಾಲರಿ ಕವಲಿನ ಬಾಯಿಗೆ ಅಡ್ಡ ಬರುತ್ತದೆ. ನಮ್ಮ ಲ್ಯಾಬಿನ ಭಾಷೆಯಲ್ಲಿ ಕವಲು 'ಜೈಲ್' ಆಯಿತು. ಬಿಡಿಸಬೇಕಾದರೆ ಜಾಲರಿಯ ಕಣ್ಣಿನೊಳಗಿಂದ ವೈರು ತೂರಿಸಬೇಕು, ಬಲೂನು ತೂರಿಸಬೇಕು. ಅದಕ್ಕಿಂತ ಕವಲಿಗೂ ಒಂದು ಸ್ಟೆಂಟ್ ಹಾಕಿಬಿಟ್ಟರೆ? ಹೀಗೆ ಯೋಚಿಸಿಯೇ ಟಿ, ಕ್ಯುಲಾಟ್, ಕ್ರಶ್ ಮುಂತಾದ ವಿಧಾನಗಳು ಹುಟ್ಟಿದವು. ಒಂದು ಕಾಲಕ್ಕೆ ಸಮ್ಮೇಳನಗಳಲ್ಲಿ ಅವುಗಳದ್ದೇ ಜಾತ್ರೆ. ಅವುಗಳ ಒಳವಿವರಕ್ಕೆ ನಾನು ಇಳಿಯುವುದಿಲ್ಲ, ಪರೀಕ್ಷೆಗೆ ಓದುವವರಿಗೆ ಬಿಟ್ಟಿದ್ದು.

ಜಾತ್ರೆಯ ಸದ್ದು ಅಡಗಿಸಿದ್ದು ಎರಡು ಅಧ್ಯಯನಗಳು. 2006ರ ನಾರ್ಡಿಕ್ ಅಧ್ಯಯನದಲ್ಲಿ 413 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮುಖ್ಯನಾಳಕ್ಕೆ ಮಾತ್ರ ಸ್ಟೆಂಟು, ಇನ್ನೊಂದಕ್ಕೆ ಎರಡೂ ಕಡೆ. ಆರು ತಿಂಗಳಲ್ಲಿ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸವಿರಲಿಲ್ಲ. ಎರಡು ಸ್ಟೆಂಟಿಗೆ ಹೊತ್ತು ಹೆಚ್ಚು ಹಿಡಿಯಿತು, ಚಿಕಿತ್ಸೆಯ ವೇಳೆ ಹೃದಯದ ಸ್ನಾಯುವಿಗೆ ಸಣ್ಣಪುಟ್ಟ ಪೆಟ್ಟೂ ಹೆಚ್ಚು. 2010ರಲ್ಲಿ ಬ್ರಿಟನ್ನಿನ ಬಿಬಿಸಿ ಒನ್ ಅಧ್ಯಯನ ಬಂತು. ಟಿವಿ ಚಾನೆಲ್ ಅಲ್ಲ, ಹೆಸರು ಹಾಗಿದೆ. 500 ರೋಗಿಗಳು. ಸಾವು, ಹೃದಯಾಘಾತ, ನಾಳ ಮತ್ತೆ ಕಟ್ಟುವುದು ಎಲ್ಲ ಸೇರಿ ಸರಳ ವಿಧಾನದಲ್ಲಿ ನೂರಕ್ಕೆ 8, ಎರಡು ಸ್ಟೆಂಟಿನ ವಿಧಾನದಲ್ಲಿ ನೂರಕ್ಕೆ 15. ಅಲ್ಲಿಂದೀಚೆಗೆ ಹೆಚ್ಚಿನವರ ದಾರಿ ಒಂದೇ: ಮುಖ್ಯನಾಳಕ್ಕೆ ಒಂದು ಸ್ಟೆಂಟು, ಕವಲಿಗೆ ಬೇಕಾದರೆ ಬಲೂನು, ತೀರಾ ಬೇಕಾದರೆ ಮಾತ್ರ ಎರಡನೇ ಸ್ಟೆಂಟು. ಇದಕ್ಕೆ ಪ್ರೊವಿಷನಲ್ ವಿಧಾನ ಎನ್ನುತ್ತಾರೆ. ನಾವು ಕವಲು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಬೈಫರ್ಕೇಷನ್; 2004ರಲ್ಲಿ ಹುಟ್ಟಿದ ಯುರೋಪಿಯನ್ ಬೈಫರ್ಕೇಷನ್ ಕ್ಲಬ್ ವರ್ಷವರ್ಷವೂ ಸಭೆ ಸೇರಿ ಚರ್ಚಿಸುವ ಮುಖ್ಯ ವಿಷಯ ಇದೇ.

ಇನ್ನು ಲ್ಯಾಬಿನೊಳಗೆ ಹೋಗೋಣ. ರೋಗಿ ಮೇಜಿನ ಮೇಲಿದ್ದಾರೆ, ಎಚ್ಚರವಾಗಿದ್ದಾರೆ. ಮಣಿಕಟ್ಟಿನ ನಾಳದಿಂದ ಗೈಡ್ ಕೊಳವೆ ಎಡಗಡೆಯ ನಾಳದ ಬಾಯಿಗೆ ಬಂದು ಕೂತಿದೆ. ಕೊಳವೆಯ ಒಳವ್ಯಾಸ 1.8 ಮಿಲಿಮೀಟರ್. ಅದರೊಳಗಿಂದಲೇ ಎರಡು ವೈರು, ಎರಡು ಬಲೂನು ಹೋಗಬೇಕು. ವೈರಿನ ದಪ್ಪ ಒಂದು ಇಂಚಿನ ಸಾವಿರದಲ್ಲಿ 14 ಭಾಗ. ಒಂದು ವೈರು ಎಲ್‌ಎಡಿಗೆ, ಒಂದು ಡಯಾಗನಲ್ಲಿಗೆ. ಯಾವುದು ಯಾವುದು ಎಂದು ಗೊತ್ತಾಗಲು ಒಂದರ ಬಾಲಕ್ಕೆ ಗುರುತು ಮಾಡಿ, ಎರಡರ ನಡುವೆ ಹಸಿರು ಟವೆಲ್ ಮಡಚಿ ಇಡುತ್ತೇವೆ. ಈ ಟವೆಲ್ ಮರೆತರೆ ವೈರುಗಳು ಒಳಗೆ ಒಂದಕ್ಕೊಂದು ಹೆಣೆದುಕೊಂಡು ಕೊನೆಗೆ ಬಲೂನು ಮುಂದೆ ಹೋಗುವುದೇ ಇಲ್ಲ. ದೊಡ್ಡ ವಿಜ್ಞಾನ ಹೀಗೆ ಒಂದು ಬಟ್ಟೆ ತುಂಡಿನ ಮೇಲೆ ನಿಂತಿರುತ್ತದೆ.

ಮುಂದಿನ ಎಲ್‌ಎಡಿಯ ಅಳತೆಗೆ, ಅಂದರೆ 3 ಮಿಲಿಮೀಟರಿಗೆ, ಸ್ಟೆಂಟ್ ಆರಿಸುತ್ತೇವೆ. ಕವಲಿನೊಳಗಿನ ವೈರನ್ನು ತೆಗೆಯದೆ ಅಲ್ಲೇ ಬಿಟ್ಟು ಸ್ಟೆಂಟನ್ನು ಉಬ್ಬಿಸುತ್ತೇವೆ. ವೈರು ಸ್ಟೆಂಟಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬೇಕೆಂದೇ ಮಾಡುವ ಕೆಲಸ ಅದು. ಕವಲು ಮುಚ್ಚಿದರೂ ದಾರಿ ಎಲ್ಲಿತ್ತು ಎಂದು ಅದು ತೋರಿಸುತ್ತದೆ. ಆ ವೈರನ್ನು ಆಮೇಲೆ ಎಳೆಯುವಾಗ ಜೋಪಾನ. ಎಳೆದ ರಭಸಕ್ಕೆ ಗೈಡ್ ಕೊಳವೆ ತಾನೇ ಒಳಗೆ ನುಗ್ಗಿ ನಾಳದ ಬಾಯಿಗೆ ಗಾಯ ಮಾಡಬಹುದು.

ಈಗ ನೆನಪಿಡಿ ಎಂದಿದ್ದ ಆ 0.7 ಮಿಲಿಮೀಟರ್. ಸ್ಟೆಂಟಿನ ಹಿಂಭಾಗ ಗೋಡೆ ಮುಟ್ಟಿಲ್ಲ. ಬೋರ್ಡೋ ನಗರದ ಒಲಿವಿಯೆ ದಾರೆಮೋಂ ಇದಕ್ಕೆ ಹೇಳಿಕೊಟ್ಟ ಉಪಾಯಕ್ಕೆ ಪಾಟ್ ಎನ್ನುತ್ತೇವೆ. ಹಿಂದಿನ ನಾಳದ ಅಳತೆಯದ್ದೇ, ಅಂದರೆ 3.7ಕ್ಕೆ ಹತ್ತಿರದ, ಗಿಡ್ಡನೆಯ, ಗಟ್ಟಿ ಬಲೂನು ತೆಗೆದುಕೊಳ್ಳುವುದು. ಗಟ್ಟಿ ಎಂದರೆ ಒತ್ತಡ ಹೆಚ್ಚಿಸಿದರೂ ಹೇಳಿದ ಅಳತೆ ಮೀರಿ ಊದದ್ದು. ಅದರ ಮುಂದಿನ ಭುಜ ಸರಿಯಾಗಿ ಕರೈನಾ ಎದುರಿಗೆ ಬರುವಂತೆ ಇಟ್ಟು ಉಬ್ಬಿಸುವುದು. ಒಂದು ಮಿಲಿಮೀಟರ್ ಮುಂದೆ ಹೋದರೆ ಕರೈನಾ ವಾಲಿ ಕವಲು ಮುಚ್ಚುತ್ತದೆ. ಹಿಂದೆ ಉಳಿದರೆ ಕವಲಿನ ಬಾಯಲ್ಲಿ ಜಾಲರಿ ತೆರೆಯುವುದಿಲ್ಲ. ಸರಿಯಾಗಿ ಕೂತರೆ ಸ್ಟೆಂಟಿನ ಹಿಂಭಾಗ ಗೋಡೆಗೆ ಅಂಟುತ್ತದೆ, ಕವಲಿನ ಬಾಯಿಗೆ ಅಡ್ಡ ಇರುವ ಕಣ್ಣುಗಳು ಅಗಲವಾಗುತ್ತವೆ, ಮುಂದೆ ವೈರು ತೂರಿಸುವುದೂ ಸಲೀಸು. ಇಷ್ಟು ವರ್ಷದ ಬೈಫರ್ಕೇಷನ್ ಚರ್ಚೆಯಲ್ಲಿ ಒಂದೇ ಒಂದು ಕೆಲಸ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಹೆಚ್ಚಿನ ಖರ್ಚೆಂದರೆ ಒಂದು ಬಲೂನು, ಐದು ನಿಮಿಷ.

ಆಮೇಲೆ ಕವಲು ನಿಜಕ್ಕೂ ತೊಂದರೆಯಲ್ಲಿದ್ದರೆ ಮಾತ್ರ ಮುಂದಿನ ಹಂತ. ವೈರನ್ನು ಸ್ಟೆಂಟಿನ ಒಳಗಿಂದ ಜಾಲರಿಯ ಕಣ್ಣಿನ ಮೂಲಕ ಕವಲಿಗೆ ಇಳಿಸಬೇಕು. ಯಾವ ಕಣ್ಣು? ಕರೈನಾಗೆ ಹತ್ತಿರದ, ಮುಂದಿನ ಕಣ್ಣು. ಅಲ್ಲಿಂದ ಹೋದ ಬಲೂನು ಜಾಲರಿಯ ಎಳೆಗಳನ್ನು ಕವಲಿನ ಹೊರಗೋಡೆಯ ಕಡೆಗೆ ತಳ್ಳಿ ಬಾಯಿಗೆ ಆಸರೆ ಕೊಡುತ್ತದೆ. ಹಿಂದಿನ ಕಣ್ಣಿನಿಂದ ಹೋದರೆ ಎಳೆಗಳೆಲ್ಲ ಕರೈನಾ ಮೇಲೆ ಗುಪ್ಪೆಯಾಗಿ ನಿಲ್ಲುತ್ತವೆ. ನಂತರ ಎರಡು ಬಲೂನು, ಎಲ್‌ಎಡಿಗೆ 3, ಡಯಾಗನಲ್ಲಿಗೆ 2.5. ಇಬ್ಬರು ಸಿಬ್ಬಂದಿ, ಕೈಯಲ್ಲಿ ಒಂದೊಂದು ಒತ್ತಡದ ಪಂಪು. ಬಲೂನಿನೊಳಗೆ ಗಾಳಿ ಹೋಗುವುದಿಲ್ಲ. ಸಲೈನಿಗೆ ಕಾಂಟ್ರಾಸ್ಟ್ ಬೆರೆಸಿದ ದ್ರವ ಹೋಗುತ್ತದೆ. ಪರದೆಯ ಮೇಲೆ ಕಾಣಬೇಕಲ್ಲ.

"ಅಪ್" ಎಂದರೆ ಇಬ್ಬರೂ ಒಟ್ಟಿಗೆ ತಿರುಗಿಸುತ್ತಾರೆ. "ಎಂಟು... ಹತ್ತು... ಹನ್ನೆರಡು." ಸಂಖ್ಯೆ ಅಟ್ಮಾಸ್ಫಿಯರಿನದು, ಕಾರಿನ ಟೈರಿನ ಒತ್ತಡದ ಐದು ಪಟ್ಟಿಗೂ ಹೆಚ್ಚು. ಎರಡೂ ನಾಳಗಳಲ್ಲಿ ರಕ್ತ ನಿಂತಿದೆ. ಇಸಿಜಿಯ ಗೆರೆ ಮೇಲೇಳುತ್ತದೆ.

"ಸಾರ್, ಎದೆ ಹಿಡ್ಕೊಂಡಂಗಾಯ್ತದೆ."

"ಗೊತ್ತು ಯಜಮಾನ್ರೇ, ನಾವೇ ಮಾಡ್ತಿರೋದು. ಉಸಿರು ಬಿಡಿ, ಈಗ ಹೋಗುತ್ತೆ."

"ಡೌನ್." ಎರಡೂ ಒಟ್ಟಿಗೇ ಇಳಿಯಬೇಕು. ಒಂದು ಮೊದಲು ಇಳಿದರೆ ಇನ್ನೊಂದು ಕರೈನಾವನ್ನು ಆ ಕಡೆಗೆ ತಳ್ಳಿಬಿಡುತ್ತದೆ. ಗೆರೆ ಕೆಳಗಿಳಿಯುತ್ತದೆ, ಯಜಮಾನರ ಹುಬ್ಬಿನ ಗಂಟು ಸಡಿಲವಾಗುತ್ತದೆ.

ಮುಗಿಯಿತೇ? ಇಲ್ಲ. ಎರಡು ಬಲೂನು ಅಕ್ಕಪಕ್ಕ ಇರುವ ಹಿಂದಿನ ನಾಳದಲ್ಲಿ ಸ್ಟೆಂಟು ದುಂಡಗೆ ಇರುವುದಿಲ್ಲ, ಅಂಡಾಕಾರವಾಗಿರುತ್ತದೆ. ಮೂರರ ವರ್ಗ 9, ಎರಡೂವರೆಯ ವರ್ಗ 6.25, ಕೂಡಿಸಿ ವರ್ಗಮೂಲ ತೆಗೆದರೆ 3.9. ಎರಡು ಬಲೂನು ಸೇರಿ 3.7ರ ನಾಳವನ್ನು ಅಷ್ಟು ಹಿಗ್ಗಿಸಿವೆ, ಅದೂ ಒಂದೇ ದಿಕ್ಕಿಗೆ ಎಳೆದಂತೆ. ಅದಕ್ಕೇ ಎರಡು ಬಲೂನು ಒಂದರ ಪಕ್ಕ ಒಂದು ಇರುವ ಉದ್ದವನ್ನು ಆದಷ್ಟು ಗಿಡ್ಡ ಮಾಡಬೇಕು, ಕೊನೆಗೆ ಪಾಟ್ ಬಲೂನನ್ನು ಮತ್ತೊಮ್ಮೆ ಉಬ್ಬಿಸಿ ದುಂಡಗೆ ಮಾಡಬೇಕು. ಲೆಕ್ಕ ಹಾಕಿ: ಒಂದು ಸ್ಟೆಂಟು, ಮೂರು ನಾಲ್ಕು ಬಲೂನು. ನೆಂಟರಿಗೆ ಹೋಗುವ ಸುದ್ದಿ "ಒಂದೇ ಸ್ಟೆಂಟಂತೆ, ಆದ್ರೂ ಯಾಕೋ ಬಹಳ ಹೊತ್ತು ಮಾಡಿದ್ರು."

ಕವಲು ನಿಜಕ್ಕೂ ತೊಂದರೆಯಲ್ಲಿದ್ದರೆ ಮಾತ್ರ ಎಂದೆನಲ್ಲ, ಅದನ್ನು ಕಂಡುಹಿಡಿಯುವುದೇ ಕಷ್ಟ. ಸ್ಟೆಂಟ್ ಹಾಕಿದ ಮೇಲೆ ಪರದೆಯಲ್ಲಿ ಕವಲಿನ ಬಾಯಿ ಭಯಂಕರವಾಗಿ ಕಾಣುತ್ತದೆ. ಕೈ ತುರಿಸುತ್ತದೆ. ದಕ್ಷಿಣ ಕೊರಿಯಾದ ಸಿಯೋಲ್‌ನ ಬಾನ್-ಕ್ವಾನ್ ಕೂ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕೆಲಸ ಈ ತುರಿಕೆಗೆ ಒಳ್ಳೆಯ ಮದ್ದು. ಒತ್ತಡ ಅಳೆಯುವ ವೈರನ್ನು ಜೈಲಾದ ಕವಲುಗಳಿಗೆ ಇಳಿಸಿ, ಅಡಚಣೆಯ ಆಚೆ ರಕ್ತದ ಒತ್ತಡ ಎಷ್ಟು ಉಳಿದಿದೆ ಎಂದು ನೋಡಿದರು. ಚಿತ್ರದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚಿದಂತೆ ಕಂಡ 73 ಕವಲುಗಳಲ್ಲಿ ನಿಜಕ್ಕೂ ರಕ್ತದ ಹರಿವಿಗೆ ಅಡ್ಡಿಯಿದ್ದದ್ದು 20ರಲ್ಲಿ ಮಾತ್ರ. ಮುಕ್ಕಾಲಿಗಿಂತ ಕಡಿಮೆ ಮುಚ್ಚಿದ್ದವುಗಳಲ್ಲಿ ಒಂದರಲ್ಲೂ ಇರಲಿಲ್ಲ. ಕರೈನಾ ವಾಲಿ ಬಾಯಿ ಸೀಳುಗಣ್ಣಿನಂತೆ ಚಪ್ಪಟೆಯಾಗಿರುತ್ತದೆ. ಒಂದು ಬದಿಯಿಂದ ನೋಡಿದರೆ ಮುಚ್ಚಿದಂತೆ, ಇನ್ನೊಂದು ಬದಿಯಿಂದ ತೆರೆದಂತೆ. 2011ರ ನಾರ್ಡಿಕ್-ಬಾಲ್ಟಿಕ್ ಅಧ್ಯಯನವೂ ಇದಕ್ಕೆ ಹೊಂದುತ್ತದೆ. 477 ರೋಗಿಗಳಲ್ಲಿ ಅರ್ಧ ಜನರಿಗೆ ಕೊನೆಯಲ್ಲಿ ಕಡ್ಡಾಯವಾಗಿ ಕಿಸ್ಸಿಂಗ್ ಬಲೂನ್ ಮಾಡಿದರು, ಅರ್ಧ ಜನರಿಗೆ ಮಾಡಲಿಲ್ಲ. ಕವಲು ಮತ್ತೆ ಕಿರಿದಾಗುವುದು ಚಿತ್ರದಲ್ಲಿ ಕಡಿಮೆಯಾಯಿತು, ಆದರೆ ಆರು ತಿಂಗಳಲ್ಲಿ ರೋಗಿಯ ಸ್ಥಿತಿಗತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಹೇಳುವುದು: ಎದೆನೋವಿಲ್ಲ, ಇಸಿಜಿ ಸರಿಯಿದೆ, ಕವಲಿನಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದರೆ ಕೈ ಕಟ್ಟಿ ನಿಲ್ಲಿ.

ಎಲ್ಲ ಕವಲೂ ಒಂದೇ ಅಲ್ಲ ಎಂಬುದನ್ನೂ ಹೇಳಿಬಿಡಬೇಕು. ಸ್ಪೇನಿನ ಅಲ್ಫೋನ್ಸೊ ಮೆದಿನಾ 2006ರಲ್ಲಿ ಮೂರು ಅಂಕಿಗಳ ವರ್ಗೀಕರಣ ಕೊಟ್ಟರು: ಹಿಂದಿನ ನಾಳ, ಮುಂದಿನ ನಾಳ, ಕವಲು, ಈ ಕ್ರಮದಲ್ಲಿ ಬ್ಲಾಕ್ ಇದ್ದರೆ 1, ಇಲ್ಲದಿದ್ದರೆ 0. "ಒಂದು-ಒಂದು-ಒಂದು" ಎಂದರೆ ಮೂರೂ ಕಡೆ. ಫೋನಿನಲ್ಲಿ ಇಷ್ಟು ಹೇಳಿದರೆ ಸಾಕು, ಆ ಕಡೆಯವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕವಲು ಎಷ್ಟು ದೊಡ್ಡದು, ಬ್ಲಾಕ್ ಎಷ್ಟು ಉದ್ದ, ಸುಣ್ಣ ಕಟ್ಟಿದೆಯೇ ಎಂಬುದನ್ನು ಮಾತ್ರ ಈ ಅಂಕಿ ಹೇಳುವುದಿಲ್ಲ.

ಅದೇ ಮುಖ್ಯವಾಗುವುದು ಲೆಫ್ಟ್ ಮೈನ್ ಒಡೆಯುವ ಕವಲಿನಲ್ಲಿ. ಅಲ್ಲಿ ಕವಲು ಎಂದರೆ ಸರ್ಕಂಫ್ಲೆಕ್ಸ್, ಅದನ್ನು ಕಳೆದುಕೊಳ್ಳುವ ಹಾಗಿಲ್ಲ. ಚೀನಾದ ನಾನ್‌ಜಿಂಗ್‌ನ ಶಾವೊಲಿಯಾಂಗ್ ಚೆನ್ ಡಿಕೆ ಕ್ರಶ್ ಎಂಬ ವಿಧಾನ ರೂಪಿಸಿದರು. ಕವಲಿನ ಸ್ಟೆಂಟನ್ನು ಗೋಡೆಗೆ ಒತ್ತಿ, ನಡುವೆ ಒಮ್ಮೆ, ಕೊನೆಗೆ ಇನ್ನೊಮ್ಮೆ, ಹೀಗೆ ಎರಡು ಸಲ ಕಿಸ್ಸಿಂಗ್ ಬಲೂನ್ ಮಾಡುವುದು. 2017ರಲ್ಲಿ ಪ್ರಕಟವಾದ 482 ರೋಗಿಗಳ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಚಿಕಿತ್ಸೆ ವಿಫಲವಾದದ್ದು ಪ್ರೊವಿಷನಲ್ ವಿಧಾನದಲ್ಲಿ ನೂರಕ್ಕೆ 10.7, ಡಿಕೆ ಕ್ರಶ್‌ನಲ್ಲಿ 5. ಯುರೋಪಿನವರು 2021ರಲ್ಲಿ 467 ರೋಗಿಗಳ ಅಧ್ಯಯನ ಪ್ರಕಟಿಸಿದರು. ಅಲ್ಲಿ ಪ್ರೊವಿಷನಲ್ 14.7, ಎರಡು ಸ್ಟೆಂಟು 17.7; ಅಂಕಿಅಂಶದ ಲೆಕ್ಕದಲ್ಲಿ ಸರಿಸಮ. ಯಾರನ್ನು ನಂಬುವುದು? ಇಬ್ಬರನ್ನೂ. ಯುರೋಪಿನ ಅಧ್ಯಯನದಲ್ಲಿ ಕವಲಿನ ಬ್ಲಾಕುಗಳು ಗಿಡ್ಡ, ಡಿಕೆ ಕ್ರಶ್ ಬಳಸಿದ್ದೂ ಬಹಳ ಕಡಿಮೆ. ಉದ್ದದ, ಕಠಿಣ ಬ್ಲಾಕು ಇದ್ದು, ಮಾಡುವವರ ಕೈ ಪಳಗಿದ್ದರೆ ಡಿಕೆ ಕ್ರಶ್ ಸರಿಯಾದ ದಾರಿ. ನೋಡಿ, ಇಲ್ಲಿಯೂ ಆ ವಿಧಾನವನ್ನು ಹಳೆಯ ಕ್ರಶ್‌ನಿಂದ ಬೇರೆ ಮಾಡಿದ್ದು ಎರಡನೇ ಸ್ಟೆಂಟಲ್ಲ, ನಡುವೆ ಸೇರಿದ ಹೆಚ್ಚಿನ ಬಲೂನು.

ಕವಲು ಮುಚ್ಚೀತು ಎಂಬ ಅಂಜಿಕೆ ಜಾಸ್ತಿ ಇದ್ದಾಗ ಇನ್ನೊಂದು ಉಪಾಯವಿದೆ. ವೈರಿನ ಬದಲು ಸಣ್ಣ ಬಲೂನನ್ನೇ, ಉಬ್ಬಿಸದೆ, ಕವಲಿನ ಬಾಯಲ್ಲಿಟ್ಟು ಸ್ಟೆಂಟ್ ಹಾಕುವುದು. ಕವಲು ಮುಚ್ಚಿದರೆ ಅಲ್ಲೇ ಇರುವ ಬಲೂನನ್ನು ಉಬ್ಬಿಸಿ ತೆರೆಯುವುದು, ಆಮೇಲೆ ಪಾಟ್ ಮಾಡುವುದು. ಒಳ್ಳೆಯ ಜಾಮೀನು, ಆದರೆ ಬಿಟ್ಟಿಯಲ್ಲ: ಒಳಗಿನ ಬಲೂನು ಉಬ್ಬಿದಾಗ ಹೊಸ ಸ್ಟೆಂಟು ಒಂದು ಕಡೆ ತಗ್ಗುತ್ತದೆ, ಅದನ್ನು ಸರಿಪಡಿಸಲೇಬೇಕು.

ಇಷ್ಟೆಲ್ಲ ಸೂಕ್ಷ್ಮವನ್ನು ಎಕ್ಸ್‌ರೇ ಪರದೆಯ ನೆರಳಿನಲ್ಲಿ ನೋಡುವುದೇ ಒಂದು ಮಿತಿ. ನಾಳದೊಳಗೆ ಬೆಳಕು ಹಾಯಿಸಿ ಚಿತ್ರ ತೆಗೆಯುವ ಓಸಿಟಿ ಈಗ ಬಂದಿದೆ. ವೈರು ಯಾವ ಕಣ್ಣಿನಲ್ಲಿ ದಾಟಿದೆ, ಸ್ಟೆಂಟು ಗೋಡೆ ಮುಟ್ಟಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಡೆನ್ಮಾರ್ಕಿನ ಆರ್ಹೂಸ್‌ನವರ ಮುಂದಾಳ್ತನದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಕ್ಟೋಬರ್ ಎಂಬ ಅಧ್ಯಯನದಲ್ಲಿ ಕಠಿಣ ಕವಲುಗಳಿದ್ದ 1,201 ರೋಗಿಗಳಿದ್ದರು. ಎರಡು ವರ್ಷಕ್ಕೆ ತೊಂದರೆ ಕಂಡವರು ಓಸಿಟಿ ನೋಡಿ ಮಾಡಿದವರಲ್ಲಿ ನೂರಕ್ಕೆ 10.1, ಬರೀ ಆಂಜಿಯೋಗ್ರಾಮ್ ನೋಡಿ ಮಾಡಿದವರಲ್ಲಿ 14.1.

ಕಡೆಯದಾಗಿ ಔಷಧಿ ಬಲೂನು. ಜರ್ಮನಿಯ ಬ್ರೂನೊ ಶೆಲ್ಲರ್ ಮತ್ತು ಉಲ್ರಿಚ್ ಸ್ಪೆಕ್ ಒಂದು ಸರಳ ಪ್ರಶ್ನೆ ಕೇಳಿಕೊಂಡರು: ನಾಳ ಮತ್ತೆ ಕಟ್ಟದಂತೆ ಔಷಧಿ ಕೊಡಲು ಲೋಹವನ್ನು ಒಳಗೇ ಬಿಡಬೇಕೇ? ಬಲೂನಿಗೆ ಪ್ಯಾಕ್ಲಿಟ್ಯಾಕ್ಸೆಲ್ ಲೇಪಿಸಿ ಅರ್ಧ ನಿಮಿಷದಿಂದ ಒಂದು ನಿಮಿಷ ಒತ್ತಿ ಹಿಡಿದರೆ ಔಷಧಿ ಗೋಡೆಗೆ ಇಳಿಯುತ್ತದೆ, ಬಲೂನು ಹೊರಗೆ ಬರುತ್ತದೆ. ಸ್ಟೆಂಟಿನೊಳಗೆ ಮತ್ತೆ ಕಟ್ಟಿಕೊಂಡ ನಾಳಗಳಲ್ಲಿ ಇದು ಕೆಲಸ ಮಾಡುತ್ತದೆಂದು 2006ರಲ್ಲಿ ತೋರಿಸಿದರು. ಕವಲಿಗೆ ಇದು ಹೇಳಿ ಮಾಡಿಸಿದಂತಿದೆ, ಯಾಕೆಂದರೆ ಅಲ್ಲಿ ನಮಗೆ ಬೇಡವಾದದ್ದು ಲೋಹವೇ. ಚೆನ್ ಅವರ ತಂಡ 784 ರೋಗಿಗಳಲ್ಲಿ, ಮುಖ್ಯನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ತೊಂದರೆಯಲ್ಲಿದ್ದ ಕವಲಿಗೆ ಔಷಧಿ ಬಲೂನು ಮತ್ತು ಸಾದಾ ಗಟ್ಟಿ ಬಲೂನನ್ನು ಹೋಲಿಸಿ 2024ರಲ್ಲಿ ಫಲಿತಾಂಶ ಹೇಳಿತು. ಒಂದು ವರ್ಷದಲ್ಲಿ ಹೃದಯದ ದೊಡ್ಡ ತೊಂದರೆಗಳು ಔಷಧಿ ಬಲೂನಿನವರಲ್ಲಿ ನೂರಕ್ಕೆ 7.2, ಸಾದಾ ಬಲೂನಿನವರಲ್ಲಿ 12.5. ಹಾಗೆಂದು ಎಲ್ಲ ಕಡೆಗೂ ಔಷಧಿ ಬಲೂನೇ ಸಾಕು ಎನ್ನುವಂತಿಲ್ಲ. ಅದೇ ವರ್ಷ ಚೀನಾದಿಂದ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಕವಲಿನ ಗೊಡವೆಯಿಲ್ಲದ ಹೊಸ ಬ್ಲಾಕುಗಳಲ್ಲಿ ಅದು ಸ್ಟೆಂಟಿಗೆ ಸಮನಾಗಿ ನಿಲ್ಲಲಿಲ್ಲ.

ದುಡ್ಡಿನ ಮಾತು ಆಡದೆ ಇಳಿದರೆ ಬಾಗಿಲಲ್ಲಿ ಹಿಡಿದು ಕೇಳುತ್ತೀರಿ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧಿ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಮಿತಿ ಹಾಕಿತು: ಔಷಧಿ ಲೇಪಿತಕ್ಕೆ 29,600 ರೂಪಾಯಿ, ಸಾದಾ ಲೋಹದ್ದಕ್ಕೆ 7,260. ಅದಕ್ಕೂ ಮುಂಚೆ ಲಕ್ಷ ದಾಟಿದ ಸ್ಟೆಂಟುಗಳಿದ್ದವು. ಆ ಆದೇಶ ಬಲೂನಿಗೆ, ವೈರಿಗೆ ತಗಲಲಿಲ್ಲ. ಕವಲಿನ ಕೇಸಿನಲ್ಲಿ ಒಂದು ಸ್ಟೆಂಟಿಗೆ ನಾಲ್ಕು ಬಲೂನು ಬಿಲ್ಲಿನಲ್ಲಿದ್ದರೆ ಅದನ್ನು ಮೋಸ ಎಂದುಕೊಳ್ಳಬೇಡಿ, ಯಾವುದು ಯಾಕೆ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ. ಬಳಸಿದ ಬಲೂನನ್ನೇ ತೊಳೆದು ಮತ್ತೆ ಬಳಸುವ ಚಾಳಿಯ ಬಗ್ಗೆಯೂ ಕೇಳಿ. ಸೋಂಕಿನ ಮಾತು ಹಾಗಿರಲಿ, ಒಮ್ಮೆ ಉಬ್ಬಿದ ಬಲೂನು ಮತ್ತೆ ಮೊದಲಿನಷ್ಟು ಸಣ್ಣಗೆ ಮಡಚಿಕೊಳ್ಳುವುದಿಲ್ಲ. ಜಾಲರಿಯ ಕಣ್ಣು ದಾಟಬೇಕಾದ ಜಾಗದಲ್ಲಿ ಅದು ಸಿಕ್ಕಿಕೊಳ್ಳುತ್ತದೆ.

ಮನೆಗೆ ಹೋಗುವಾಗ ಡಿಸ್ಚಾರ್ಜ್ ಸಾರಾಂಶದ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಕವಲಿಗೆ ಎರಡು ಸ್ಟೆಂಟ್ ಬಿದ್ದಿದೆಯೇ ಎಂಬುದನ್ನು ಸಾರಾಂಶದಲ್ಲಿ ನೋಡಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳು ಸಾಮಾನ್ಯವಾಗಿ ಎದೆನೋವು ಸ್ಥಿರವಾಗಿದ್ದವರಿಗೆ ಆರು ತಿಂಗಳು, ಹೃದಯಾಘಾತವಾದವರಿಗೆ ಒಂದು ವರ್ಷ. ಕವಲಿನಲ್ಲಿ ಎರಡು ಸ್ಟೆಂಟ್ ಇರುವವರನ್ನು ಯುರೋಪಿನ ಮಾರ್ಗಸೂಚಿ ಹೆಚ್ಚು ಅಪಾಯದ ಗುಂಪಿಗೆ ಸೇರಿಸುತ್ತದೆ. ಅವರಿಗೆ ರಕ್ತಸ್ರಾವದ ಭಯ ಇಲ್ಲದಿದ್ದರೆ ಇನ್ನೂ ಮುಂದುವರಿಸಬೇಕಾಗಬಹುದು. ಹಲ್ಲು ಕೀಳಿಸಲು ಹೋದಾಗ, ಕಣ್ಣಿನ ಪೊರೆ ತೆಗೆಸಲು ಹೋದಾಗ ಮಾತ್ರೆ ನಿಲ್ಲಿಸಿ ಬನ್ನಿ ಎಂದು ಯಾರಾದರೂ ಹೇಳಿದರೆ, ನಿಲ್ಲಿಸುವ ಮೊದಲು ಆ ಸಾರಾಂಶದ ಹಾಳೆಯನ್ನು ಅವರಿಗೆ ತೋರಿಸಿ, ಸ್ಟೆಂಟ್ ಹಾಕಿದವರಿಗೆ ಒಂದು ಫೋನ್ ಮಾಡಿಸಿ.